ಬಡಾಯಿ ಕೊಚ್ಚಿ, ಅದಕ್ಕೇ ಕಟ್ಟುಬಿದ್ದವನು

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತಗೊಂಡಿದ್ದಾಗ ‘ಬೇವುಲ್ಫ್’ ಅನ್ನೋ ಹಳೇ ಕಾವ್ಯದ ಸಾರಾಂಶ ಓದಿ, ನಾಯಕನ ಮೇಲೆ ನನಗೆ ಸಿಟ್ಟೇ ಬಂದಿತ್ತು. ಎಷ್ಟು ಬಡಾಯಿ ಇವನದು! ‘ತುಂಬಿದ ಕೊಡ ತುಳುಕಲ್ಲ’ ಅಂತ ಅಮ್ಮನ ಬಾಯಲ್ಲಿ ದಿನಾ ಕೇಳಿ ಬೆಳೆದವಳು ನಾನು. ಈಚೆಗೆ ಮೆಟ್ರೋದಲ್ಲಿ ಓಡಾಡ್ತಾ ಫೋನಿನಲ್ಲೇ ಅನುವಾದ ಪೂರ್ತಿ ಓದಿದೆ. ಆ ಬಡಾಯಿಯನ್ನ ಅಂದು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ ಅನ್ನಿಸ್ತು.

ಇಂದಿನ ಇಂಗ್ಲಿಷಿನ ಮುತ್ತಜ್ಜಿಯಂಥ ಆಂಗ್ಲೋ-ಸ್ಯಾಕ್ಸನ್ ಭಾಷೆಯಲ್ಲಿರುವ 3,182 ಸಾಲಿನ ಕಾವ್ಯ ಇದು. ಬರೆದವರ ಹೆಸರು ಉಳಿದಿಲ್ಲ. ಸುಮಾರು ಸಾವಿರ ವರ್ಷ ಹಳೆಯ ಒಂದೇ ಒಂದು ಹಸ್ತಪ್ರತಿ ಇದೆ, ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಉಳಿದದ್ದು. ಕತೆ ನಡೆಯೋದು ಮಾತ್ರ ಇಂಗ್ಲೆಂಡಿನಲ್ಲಲ್ಲ. ಡೆನ್ಮಾರ್ಕಿನ ರಾಜ ಹ್ರೋತ್‌ಗಾರನ ಸಭಾಭವನಕ್ಕೆ ಗ್ರೆಂಡೆಲ್ ಎಂಬ ರಾಕ್ಷಸ 12 ವರ್ಷದಿಂದ ರಾತ್ರಿ ನುಗ್ಗಿ ಜನರನ್ನ ತಿಂತಿರ್ತಾನೆ. ಸ್ವೀಡನ್ ದಕ್ಷಿಣದ ಗೀಟರ ನಾಡಿನಿಂದ ಬೇವುಲ್ಫ್ 14 ಜನರ ಜೊತೆ ಹಡಗಿನಲ್ಲಿ ಬರ್ತಾನೆ.

ಬಂದವನೇ ತುಂಬಿದ ಸಭೆಯಲ್ಲಿ ಹೇಳ್ತಾನೆ: ರಾಕ್ಷಸನಿಗೆ ಆಯುಧದ ಗೊಡವೆ ಇಲ್ಲವಲ್ಲ, ನಾನೂ ಬರಿಗೈಯಲ್ಲೇ ಹೊಡೆದಾಡ್ತೀನಿ. ಸತ್ತರೆ ನನ್ನ ಕವಚವನ್ನ ನಮ್ಮ ರಾಜನಿಗೆ ಕಳಿಸಿಬಿಡಿ. ಹೀಗೆ ಎಲ್ಲರೆದುರು ಹೇಳಿಕೊಳ್ಳೋದಕ್ಕೆ ಆ ಭಾಷೆಯಲ್ಲಿ ‘ಬೇಓಟ್’ ಅಂತ ಒಂದು ಪದ ಇದೆ. ಬಡಾಯಿ, ಪ್ರತಿಜ್ಞೆ ಎರಡೂ ಅದರಲ್ಲೇ ಸೇರಿವೆ. ಒಮ್ಮೆ ಆಡಿದರೆ ಅದು ಸಾಲ ಇದ್ದಂಗೆ. ತೀರಿಸಬೇಕು, ಇಲ್ಲವೇ ಸಾಯಬೇಕು. ಬೇವುಲ್ಫ್ ಗ್ರೆಂಡೆಲನ ತೋಳನ್ನೇ ಕಿತ್ತು ತೀರಿಸ್ತಾನೆ.

ನನಗೆ ಅದಕ್ಕಿಂತ ಇಷ್ಟವಾಗಿದ್ದು ಆಮೇಲಿನದು. ಸಿಕ್ಕ ಉಡುಗೊರೆಗಳನ್ನ ಊರಿಗೆ ತಂದು ರಾಜನಿಗೆ ಒಪ್ಪಿಸ್ತಾನೆ. ಆ ರಾಜ ಯುದ್ಧದಲ್ಲಿ ಸತ್ತಾಗ ರಾಣಿಯೇ ಕರೆದು ಸಿಂಹಾಸನ ಕೊಡ್ತೀನಿ ಅಂದ್ರೂ ಬೇಡ ಅಂತಾನೆ. ಚಿಕ್ಕ ಹುಡುಗ, ರಾಜಕುಮಾರನ ಬೆನ್ನಿಗೆ ನಿಲ್ತಾನೆ. ತೋಳು ಕಿತ್ತಿದ್ದು ಎಲ್ಲರಿಗೂ ನೆನಪಿರುತ್ತೆ, ಇದು ಯಾರಿಗೂ ನೆನಪಿರಲ್ಲ!

ಆ ಹುಡುಗ ಸತ್ತ ಮೇಲೆಯೇ ಬೇವುಲ್ಫ್ ರಾಜನಾಗೋದು. 50 ವರ್ಷ ಆಳ್ತಾನೆ. ಮುಪ್ಪಿನಲ್ಲಿ, ಬೆಂಕಿ ಉಗುಳುವ ಡ್ರ್ಯಾಗನ್ ಎದುರಾಗುತ್ತೆ. ಇದು ನಿಮ್ಮ ಕೆಲಸ ಅಲ್ಲ, ಇಲ್ಲೇ ಇರಿ ಅಂತ ಜೊತೆಗಾರರಿಗೆ ಹೇಳಿ ಒಬ್ಬನೇ ಹೋಗ್ತಾನೆ. ಅವನು ಬೆಂಕಿಯಲ್ಲಿ ಸಿಕ್ಕಿಕೊಂಡಾಗ ಹತ್ತು ಜನ ಕಾಡಿಗೆ ಓಡ್ತಾರೆ. ವಿಗ್ಲಾಫ್ ಎಂಬ ಹುಡುಗ ಮಾತ್ರ ಉಳಿಯೋದು. ಪಾನಗೋಷ್ಠಿಯಲ್ಲಿ ಏನೇನು ಮಾತು ಕೊಟ್ಟಿದ್ದೆವು ಅಂತ ಉಳಿದವರಿಗೆ ನೆನಪಿಸಿ ಒಳಗೆ ನುಗ್ತಾನೆ. ಅವನ ಮರದ ಗುರಾಣಿ ಸುಟ್ಟೇ ಹೋಗುತ್ತೆ. ಮುದುಕ ರಾಜನ ಕಬ್ಬಿಣದ ಗುರಾಣಿಯ ಮರೆಯಲ್ಲಿ ಇಬ್ಬರೂ ಸೇರಿ ಡ್ರ್ಯಾಗನನ್ನ ಕೊಲ್ತಾರೆ. ಆದರೂ ಗಾಯದ ವಿಷವೇರಿ ಬೇವುಲ್ಫ್ ಉಳಿಯಲ್ಲ.

ಇಲ್ಲಿ ಫೋನ್ ಕೆಳಗಿಟ್ಟೆ. ಎರಡು ವರ್ಷದ ಹಿಂದೆ ನಮ್ಮ ಪ್ಲಾನಿಂಗ್ ಮೀಟಿಂಗಲ್ಲಿ ‘ಈ ಭಾಗ ನಂದು, ನಾನ್ ನೋಡ್ಕೋತೀನಿ’ ಅಂತ ಜೋರಾಗಿ ಹೇಳಿದ್ದೆ. ರಿಲೀಸ್ ದಿನ ಕೈಕೊಟ್ಟಿದ್ದು ಅದೇ ಭಾಗ. ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕಾಲ್. ‘ನಾನ್ ಮಾತಾಡ್ತೀನಿ, ನೀವೆಲ್ಲ ಸುಮ್ನಿರಿ’ ಅಂದ್ರು ನಮ್ಮ ಲೀಡ್. ಅವರು ಒಂದು ಗಂಟೆ ಬೈಸಿಕೊಂಡರು. ನಾನು ಕ್ಯಾಮೆರಾ ಆಫ್ ಮಾಡಿ, ಮ್ಯೂಟ್‌ನಲ್ಲಿ ಕೂತಿದ್ದೆ. ಸುಮ್ನಿರಿ ಅಂದ್ರಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ಆ ಹತ್ತು ಜನರೂ ಬಹುಶಃ ಹಾಗೇ ಅಂದುಕೊಂಡಿರಬೇಕು.

ಲೀಡ್ ಈಗ ಬೇರೆ ಕಂಪನಿಯಲ್ಲಿದ್ದಾರೆ. ಅವತ್ತಿನ ಬಗ್ಗೆ ಒಂದು ಸಲವೂ ನನ್ನನ್ನ ಕೇಳಲಿಲ್ಲ.