ಮರೆಯ ನೋಟ, ಒರೆಯ ಕತ್ತಿ

ಅಂಜನಾದೇವಿಯ ವಿವಾಹಕ್ಕೆ ಇನ್ನು ಮೂರೇ ದಿನಗಳಿದ್ದವು. ವರನಾದ ಪವನಂಜಯನಿಗೆ ಆ ಮೂರು ದಿನಗಳನ್ನು ಕಳೆಯುವುದೂ ದುಸ್ಸಹವಾಯಿತು. ಗೆಳೆಯ ಪ್ರಹಸಿತನನ್ನು ಕರೆದುಕೊಂಡು ಇರುಳಿನಲ್ಲಿ ವಧುವಿನ ನಿವಾಸಕ್ಕೆ ಹೋಗಿ, ಮರೆಯಲ್ಲಿ ನಿಂತು ಅವಳನ್ನು ನೋಡಿದನು. ಒಳಗೆ ಸಖಿಯರ ಮಾತುಕತೆ ನಡೆದಿತ್ತು. ಒಬ್ಬಳು ಪವನಂಜಯನನ್ನು ಹೊಗಳಿದಳು. ಮತ್ತೊಬ್ಬಳು ವಿದ್ಯುತ್ಪ್ರಭನೆಂಬ ರಾಜಕುಮಾರನೇ ಮೇಲೆಂದಳು. ಅಂಜನೆ ಏನನ್ನೂ ಹೇಳಲಿಲ್ಲ. ಆ ಮೌನವನ್ನೇ ಸಮ್ಮತಿಯೆಂದು ಬಗೆದ ಪವನಂಜಯ ಕತ್ತಿ ಹಿರಿದನು. ಗೆಳೆಯ ತಡೆದುದರಿಂದ ಅಂದು ಪ್ರಾಣಹಾನಿಯಾಗಲಿಲ್ಲ. ಆದರೆ ಅವನು ಅಂಜನೆಯನ್ನು ಮದುವೆಯಾದದ್ದೇ ದಂಡಿಸುವುದಕ್ಕಾಗಿ. ಮದುವೆಯಾದಂದಿನಿಂದ 22 ವರ್ಷ ಅವಳ ಮುಖವನ್ನು ನೋಡಲಿಲ್ಲ.

ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ಈ ಪ್ರಸಂಗ ಹನುಮಂತನ ಜನನಕಥೆಗೆ ಪೀಠಿಕೆ. 13ನೆಯ ಶತಮಾನದಲ್ಲಿ ಶಿಶುಮಾಯಣನು ಅಂಜನೆಯ ಚರಿತೆಯನ್ನು ಕನ್ನಡ ಸಾಂಗತ್ಯಕ್ಕೆ ತಂದನು. ಕಥೆಯನ್ನು ಕೇಳುವವರು ಸಾಮಾನ್ಯವಾಗಿ ಅಂಜನೆಯ ಸಹನೆಯನ್ನು ಕೊಂಡಾಡುತ್ತಾರೆ. ಪವನಂಜಯನ ನೋಟವನ್ನು ಕುರಿತು ಅಷ್ಟಾಗಿ ಯಾರೂ ಯೋಚಿಸುವುದಿಲ್ಲ.

ಮದುವೆ ನಿಶ್ಚಯವಾದ ಕನ್ಯೆಯನ್ನು ಕಾಣಬೇಕೆಂಬ ಆಸೆ ಸಹಜವಾದುದು. ಹಾಗಾದರೆ ತಪ್ಪು ಎಲ್ಲಿ ಹುಟ್ಟಿತು? ನೋಡುವವನು ಮರೆಯಲ್ಲಿದ್ದನು, ನೋಡಲ್ಪಟ್ಟವಳಿಗೆ ತನ್ನನ್ನು ಒಬ್ಬನು ನೋಡುತ್ತಿದ್ದಾನೆಂಬ ಅರಿವೂ ಇರಲಿಲ್ಲ. ಆದ್ದರಿಂದ ಅವಳ ಲಜ್ಜೆಗೂ ಮೌನಕ್ಕೂ ಅರ್ಥ ಹೇಳುವ ಅಧಿಕಾರವೆಲ್ಲ ಅವನೊಬ್ಬನದೇ ಆಯಿತು. ಎದುರಿಗೆ ಬಂದು ಒಂದು ಮಾತು ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಮರೆಯಲ್ಲಿ ನಿಂತವನು ಪ್ರಶ್ನೆ ಕೇಳಲಾರ, ತೀರ್ಪನ್ನು ಮಾತ್ರ ಕೊಡಬಲ್ಲ. ‘ಇವಳು ನನ್ನವಳು’ ಎಂಬ ಮಮಕಾರ ಆ ನೋಟದೊಳಗೆ ಸೇರಿದಾಗಲೇ ಗೆರೆ ದಾಟಿ ಆಗಿತ್ತು. ಕತ್ತಿ ಅನಂತರ ಹೊರಬಂದಿತು.

ಜನ್ನನ ಯಶೋಧರಚರಿತೆಯಲ್ಲಿಯೂ ಇಂಥದೇ ಒಂದು ಇರುಳಿದೆ. 1209ರ ಆ ಕಾವ್ಯದಲ್ಲಿ ಯಶೋಧರ ಮಹಾರಾಜನು ರಾಣಿ ಅಮೃತಮತಿಯನ್ನು ಗುಟ್ಟಾಗಿ ಹಿಂಬಾಲಿಸಿ, ಅವಳು ಮಾವುತನ ಬಳಿ ಇರುವುದನ್ನು ಕಾಣುತ್ತಾನೆ. ಇಲ್ಲಿ ಸಂದೇಹ ಸುಳ್ಳಲ್ಲ, ಕಂಡದ್ದು ನಿಜವೇ. ಹಿರಿದ ಕತ್ತಿಯನ್ನು ಅವನು ತಾನಾಗಿಯೇ ತಡೆದುಕೊಳ್ಳುತ್ತಾನೆ. ಆದರೂ ಆ ನೋಟ ಅವನಿಗೆ ಶಾಂತಿ ಕೊಡಲಿಲ್ಲ. ಕಂಡದ್ದನ್ನು ತಾಯಿಗೆ ಕೆಟ್ಟ ಕನಸೆಂದು ಹೇಳಿ, ಅವಳ ಒತ್ತಾಯದಿಂದ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು, ಆ ಸಂಕಲ್ಪಹಿಂಸೆಯ ಫಲವಾಗಿ ಭವಭವಗಳಲ್ಲಿ ತೊಳಲಿದನು. ಮರೆಯಲ್ಲಿ ಕಂಡದ್ದು ಸುಳ್ಳಾದರೂ ನಿಜವಾದರೂ ಎರಡು ಕಥೆಗಳಲ್ಲಿಯೂ ಒರೆ ಬರಿದಾಯಿತೆಂಬುದು ಗಮನಾರ್ಹ.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರು ತಪಸ್ಸು ಮಾಡಿದ ಕ್ಷೇತ್ರವೆಂದು ಐತಿಹ್ಯವಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಅದು ತಮ್ಮದೇ ಜಿಲ್ಲೆಯ ಬೆಟ್ಟ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆ ಬರೆದವರು ಇವರೇ. ಆ ಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರ ಏಕಾಂತದ ವಿಷಯವನ್ನು ಬಯಲು ಮಾಡುವುದು. ಸಾಕಾರಮಂತ್ರಭೇದವೆಂದರೆ ಹುಬ್ಬಿನ ಚಲನೆ, ಮೈಯ ಇಂಗಿತಗಳಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ, ಅಸೂಯೆಯಿಂದ ಹೊರಗೆಡಹುವುದು. ಹೇಳಿದ ಸಂಗತಿ ನಿಜವೇ ಇರಬಹುದು. ಆದರೂ ಸತ್ಯವ್ರತಕ್ಕೆ ಅದು ಕಲೆ. ಇನ್ನೊಬ್ಬರ ಏಕಾಂತ ಅವರ ಸ್ವತ್ತೆಂಬ ತಿಳಿವಳಿಕೆ ಇಲ್ಲಿ ಎಷ್ಟು ಸೂಕ್ಷ್ಮವಾಗಿದೆ! ಕದ್ದು ತೆಗೆದ ಒಂದು ಫೋಟೋ ಕ್ಷಣಮಾತ್ರದಲ್ಲಿ ಊರೆಲ್ಲ ಸುತ್ತುವ ಈ ಕಾಲಕ್ಕೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಡಿನ ಕಾನೂನು ಈ ಗೆರೆಯನ್ನು ಬರಹದಲ್ಲಿ ಎಳೆದದ್ದು 2013ರಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪುರುಷನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಕ್ಕೆ ಯತ್ನಿಸಿದರೆ ಅಪರಾಧ. ಅವಳ ಇಂಟರ್‌ನೆಟ್, ಇ-ಮೇಲ್ ಬಳಕೆಯ ಮೇಲೆ ಕಣ್ಣಿಟ್ಟರೂ ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸವಿದೆ. ಜೈನದೃಷ್ಟಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಹೆಣ್ಣು ‘ಬೇಡ’ ಎನ್ನುವವರೆಗೆ ಅದು ಕಾಯುವುದಿಲ್ಲ. ರಾಗದಿಂದ ಅಂಗಾಂಗಗಳನ್ನು ನಿರೀಕ್ಷಿಸುವುದನ್ನು ಬಿಡುವುದೇ ಬ್ರಹ್ಮಚರ್ಯವ್ರತದ ಭಾವನೆಗಳಲ್ಲಿ ಒಂದು.

ಇನ್ನೊಂದು ಸಂಗತಿಯಿದೆ, ಬಹುಶಃ ಅದೇ ಹೆಚ್ಚು ನೋವಿನದು. ಮರೆಯಲ್ಲಿ ನಿಂತವನು ಪವನಂಜಯ. ಶಿಕ್ಷೆ ಅನುಭವಿಸಿದವಳು ಅಂಜನೆ. 22 ವರ್ಷಗಳ ಮೇಲೆ ಸರೋವರದ ದಡದಲ್ಲಿ ವಿರಹದಿಂದ ಕೂಗುವ ಚಕ್ರವಾಕವನ್ನು ಕಂಡು ಅವನ ಮನಸ್ಸು ಕರಗಿತು. ಆಗಲೂ ಅವನು ಪತ್ನಿಯ ಬಳಿಗೆ ಬಂದದ್ದು ಯಾರಿಗೂ ತಿಳಿಯದಂತೆ! ಅವಳು ಗರ್ಭಿಣಿಯಾದಾಗ ಅತ್ತೆ ಕೇತುಮತಿ ನಂಬಲಿಲ್ಲ, ಮನೆಯಿಂದ ಹೊರಗಟ್ಟಿದಳು. ತವರೂ ಬಾಗಿಲು ಮುಚ್ಚಿತು. ಜೊತೆಗೆ ಕಾಡಿಗೆ ನಡೆದವಳು ಸಖಿ ವಸಂತಮಾಲೆಯೊಬ್ಬಳೇ.

ಹನೂರಿನ ಕಡೆಯ ಊರುಗಳಿಂದ, ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಓದಲು ಬರುವ ಹೆಣ್ಣುಮಕ್ಕಳು ಬಸ್ಸಿಗಾಗಿ ಕಾಯುವ ನಿಲ್ದಾಣಗಳಲ್ಲಿ ಈ ಕಥೆ ಬೇರೆ ರೂಪದಲ್ಲಿ ನಡೆಯಬಹುದು. ಒಬ್ಬನು ದಿನವೂ ಅದೇ ಬಸ್ಸು ಹತ್ತುತ್ತಾನೆ, ಅದೇ ತಿರುವಿನಲ್ಲಿ ನಿಲ್ಲುತ್ತಾನೆ, ಯಾರಿಂದಲೋ ಮೊಬೈಲ್ ನಂಬರು ಪಡೆಯುತ್ತಾನೆ. ಅದನ್ನು ಪ್ರೀತಿಯೆಂದು ಕರೆಯಲು ಅವನಿಗೆ ಸಿನಿಮಾಗಳು ಕಲಿಸಿಕೊಟ್ಟಿವೆ. ಹುಡುಗಿ ಮೊದಲು ಹೇಳಿಕೊಳ್ಳುವುದು ಗೆಳತಿಯೊಡನೆ. ಮನೆಯಲ್ಲಿ ಹೇಳಲು ಹಿಂಜರಿಯುತ್ತಾಳೆ: ‘ಹಾಗಾದರೆ ನಾಳೆಯಿಂದ ಕಾಲೇಜು ಬೇಡ’ ಎಂದುಬಿಟ್ಟರೆ? ಹಾಗೆಂದ ಮನೆಯಲ್ಲಿ ಕೇತುಮತಿಯ ತೀರ್ಪೇ ಮತ್ತೊಮ್ಮೆ ಹೊರಟಿತು. ಹಾಗೆನ್ನದೆ, ಅವಳ ಬಸ್ ಪಾಸನ್ನು ಅವಳ ಕೈಯಲ್ಲಿಯೇ ಉಳಿಸಿ, ಠಾಣೆಗೆ ಅವಳೊಡನೆ ನಡೆದು ಹೋಗುವ ತಂದೆಯೋ ಅಜ್ಜಿಯೋ ಇದ್ದರೆ ಅವಳು ಆ ದಿನವೇ ಬಾಯಿ ಬಿಡುತ್ತಾಳೆ. ತುರ್ತಾದರೆ 112ಕ್ಕೆ ಕರೆ ಮಾಡಬಹುದೆಂಬುದನ್ನು ಅವಳಿಗೆ ಮೊದಲೇ ತಿಳಿಸಿಟ್ಟಿರಬೇಕು. ಮನೆಯ ಗಂಡುಮಗನಿಗೆ ಪವನಂಜಯನ ಆ ಇರುಳಿನ ಕಥೆಯನ್ನು.