‘ಡ್ರಾಬ್ಯಾಕ್’ ಪದದ ಅರ್ಥದ್ವಯ

ಇಂಗ್ಲಿಷಿನ ‘ಡ್ರಾಬ್ಯಾಕ್’ ಪದಕ್ಕೆ ಕನ್ನಡದಲ್ಲಿ ಕುಂದು, ಕೊರತೆ, ನ್ಯೂನತೆ ಎಂಬ ಅರ್ಥಗಳು ರೂಢಿಯಲ್ಲಿವೆ. ಕೊಲ್ಕತ್ತಾ ಬಂದರಿನ ವಾಣಿಜ್ಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಹೊರಟ ಸಂಶೋಧಕರಿಗೆ ಇವಿಷ್ಟೇ ಸಾಲವು. ಸುಂಕದ ದಾಖಲೆಗಳಲ್ಲಿ ಇದೇ ಪದವು ವ್ಯಾಪಾರಿಗೆ ಮರಳಿ ಸಲ್ಲುವ ಹಣವನ್ನು ಸೂಚಿಸುತ್ತದೆ. ಅಲ್ಲಿ ‘ನ್ಯೂನತೆ’ ಎಂದು ಅನುವಾದಿಸಿದರೆ ಅರ್ಥವು ತಲೆಕೆಳಗಾಗುತ್ತದೆ.

ಎರಡು ಅರ್ಥಗಳಿಗೂ ಮೂಲವೊಂದೇ: ಹಿಂದಕ್ಕೆ ಎಳೆಯುವುದು. ಸಲ್ಲಿಸಿದ ಸುಂಕವನ್ನು ಹಿಂದಕ್ಕೆ ಪಡೆಯುವುದು ಒಂದು; ಇರುವ ಗುಣವನ್ನು ಹಿಂದಕ್ಕೆಳೆದು ತಗ್ಗಿಸುವುದು ಇನ್ನೊಂದು. ಆ್ಯಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ರಾಷ್ಟ್ರಗಳ ಸಂಪತ್ತು’ ಗ್ರಂಥದ ನಾಲ್ಕನೆಯ ಭಾಗದಲ್ಲಿ ಈ ಪದವನ್ನೇ ಶೀರ್ಷಿಕೆಯಾಗುಳ್ಳ ಅಧ್ಯಾಯವಿದೆ. ಅದರ ವಿಷಯ ಸುಂಕವೇ ಹೊರತು ದೋಷವಲ್ಲ. ಭಾರತದಲ್ಲಿ 1962ರ ಕಸ್ಟಮ್ಸ್ ಕಾಯಿದೆಯ 74ನೆಯ ಕಲಮು, ಸುಂಕ ತೆತ್ತು ಆಮದು ಮಾಡಿದ ಸರಕನ್ನು ನಿಗದಿತ ನಿಯಮಗಳಂತೆ ಮರುರಫ್ತು ಮಾಡಿದಾಗ ಶೇಕಡಾ 98ರಷ್ಟು ಸುಂಕವನ್ನು ಹಿಂದಿರುಗಿಸಲು ಅವಕಾಶ ನೀಡುತ್ತದೆ. 75ನೆಯ ಕಲಮು ರಫ್ತಾಗುವ ಉತ್ಪನ್ನಗಳ ತಯಾರಿಕೆಗೆ ಬಳಸಿದ ಸಾಮಗ್ರಿಯ ಮೇಲಿನ ಸುಂಕಕ್ಕೆ ಸಂಬಂಧಿಸಿದೆ. ಹೆಚ್ಚಾಗಿ ತೆತ್ತ ಸುಂಕದ ‘ರಿಫಂಡ್’ ಇದೇ ಕಾಯಿದೆಯ 27ನೆಯ ಕಲಮಿಗೆ ಸೇರಿದ ಬೇರೆಯೇ ವಿಷಯ. ಆದ್ದರಿಂದ ‘ರಿಫಂಡ್’ಗೆ ‘ಮರುಪಾವತಿ’ಯನ್ನು ಉಳಿಸಿಕೊಂಡು, ‘ಡ್ರಾಬ್ಯಾಕ್’ಗೆ ‘ಸುಂಕ ವಾಪಸಾತಿ’ ಎನ್ನುವುದು ಯುಕ್ತ.

ಸಾಮಾನ್ಯಾರ್ಥದಲ್ಲಿಯೂ ವಿವೇಚನೆ ಅಗತ್ಯ. ಒಟ್ಟಿನಲ್ಲಿ ಪ್ರಯೋಜನಕಾರಿಯಾದ ವಸ್ತುವಿನಲ್ಲಿರುವ ಪ್ರತಿಕೂಲಾಂಶವೇ ‘ಡ್ರಾಬ್ಯಾಕ್’. ಕೊಲ್ಕತ್ತಾ ಬಂದರನ್ನೇ ನಿದರ್ಶನವಾಗಿ ನೋಡಬಹುದು. ಅದು ಹೂಗ್ಲಿಯ ದಡದ ನದೀಬಂದರು. ವಿಶಾಲವಾದ ಒಳನಾಡಿನ ವ್ಯಾಪಾರಕ್ಕೆ ಹೆಬ್ಬಾಗಿಲು. ಆದರೆ ನದಿಯ ಹೂಳಿನಿಂದ ದೊಡ್ಡ ಹಡಗುಗಳ ಸಂಚಾರಕ್ಕೆ ಅಡ್ಡಿಯಾಗುತ್ತದೆ. ಹೂಳನ್ನು ಕೊಚ್ಚಿಸಲು ಗಂಗೆಯ ನೀರನ್ನು ಹೂಗ್ಲಿಗೆ ಹರಿಸುವ ಫರಕ್ಕಾ ಬ್ಯಾರೇಜು 1975ರಲ್ಲಿ ಕಾರ್ಯಾರಂಭ ಮಾಡಿತು. ಇಲ್ಲಿ ಹೂಳು ‘ತೊಡಕು’. ಆಳ ಸಾಲದಿರುವುದು ‘ಕೊರತೆ’. ಸಮುದ್ರದಿಂದ ದೂರವಿರುವುದು ‘ಅನನುಕೂಲ’. ‘ದೋಷ’ವೆಂದರೆ ನಿರ್ಮಾಣದಲ್ಲಿಯೇ ತಪ್ಪಿದೆಯೆಂಬ ಧ್ವನಿ ಬರುತ್ತದೆ. ಇಂಗ್ಲಿಷಿನ ಒಂದೇ ಪದವು ಈ ಮೂರನ್ನೂ ಒಳಗೊಳ್ಳಬಲ್ಲುದು. ಕನ್ನಡವು ಬಿಡಿಸಿ ಹೇಳಲು ಬಯಸುತ್ತದೆ.

ಕನ್ನಡೇತರ ಪ್ರದೇಶದ ದಾಖಲೆಗಳನ್ನು ಕನ್ನಡಕ್ಕೆ ತರುವವರು ನಿಘಂಟಿನ ಮೊದಲ ಅರ್ಥಕ್ಕೆ ತೃಪ್ತರಾಗದೆ, ಪದವು ಬಳಕೆಯಾದ ವ್ಯವಹಾರವನ್ನು ಮೊದಲು ಗುರುತಿಸಬೇಕು. ಇಲ್ಲವಾದರೆ ವ್ಯಾಪಾರಿಯ ಜಮೆಯ ಬಾಬು ಚರಿತ್ರೆಯಲ್ಲಿ ಅವನ ನಷ್ಟವಾಗಿ ದಾಖಲಾದೀತು.