ಎಲ್ಕ್‌ಹಾರ್ಟ್ ಯಾರ್ಡಿನಲ್ಲಿ ಸೊನ್ನೆಯ ಹುಡುಕಾಟ

ಗೇಟಿನ ಕೀಪ್ಯಾಡಿನಲ್ಲಿ ಭಾವ ಆರು ಅಂಕಿ ಒತ್ತಿದರು. ಕಬ್ಬಿಣದ ಗೇಟು ಕಿರುಗುಡುತ್ತ ಪಕ್ಕಕ್ಕೆ ಸರಿಯಿತು. ಒಳಗೆ ಜಲ್ಲಿ ಹಾಸಿದ ಬಯಲು, ಅದರ ತುಂಬ ಚಕ್ರದ ಮೇಲೆ ಕೂತ ಮನೆಗಳು. ಬಿಳಿಯವು, ಕೆನೆ ಬಣ್ಣದವು, ಮೈಮೇಲೆ ಕಂದು ಪಟ್ಟೆ ಎಳೆಸಿಕೊಂಡವು. ಕೆಲವಕ್ಕೆ ತಲೆಯಿಂದ ಟೈರಿನವರೆಗೆ ಬೂದು ಬಟ್ಟೆಯ ಮುಸುಕು. ಜಾತ್ರೆ ಮುಗಿದ ಮೇಲೆ ತಗಡು ಹೊದಿಸಿ ನಿಲ್ಲಿಸಿದ ನಮ್ಮೂರಿನ ತೇರು ನೆನಪಾಯಿತು. ತೇರಾದರೆ ನಿಂತರೆ ನಿಂತಿತು. ಇವು ನಿಂತ ಮೇಲೂ ಉಣ್ಣುತ್ತಲೇ ಇರುತ್ತವೆ ಎಂಬುದು ನನಗೆ ಗೊತ್ತಾಗಿದ್ದು ಮಧ್ಯಾಹ್ನದ ಹೊತ್ತಿಗೆ.

ಇದು ಅಮೆರಿಕದ ಇಂಡಿಯಾನ ರಾಜ್ಯದ ಉತ್ತರದಂಚಿನ ಎಲ್ಕ್‌ಹಾರ್ಟ್ ಕೌಂಟಿ. ಆ ದೇಶದ ರಸ್ತೆಗಳಲ್ಲಿ ಓಡುವ ಮೋಟರ್‌ಹೋಮ್, ಟ್ರೇಲರ್‌ಗಳಲ್ಲಿ ಬಹುಪಾಲು ತಯಾರಾಗುವುದು ಈ ಊರಿನ ಆಸುಪಾಸಿನಲ್ಲೇ. ಕಾರ್ಖಾನೆಯ ಕೆಲಸಗಾರರಲ್ಲಿ ಸ್ವಂತಕ್ಕೆ ಕಾರನ್ನೇ ಇಟ್ಟುಕೊಳ್ಳದ ಆಮಿಶ್ ಪಂಗಡದ ಜನರೂ ಬಹಳ. ಬರುವ ದಾರಿಯಲ್ಲಿ ಅವರ ಕುದುರೆಗಾಡಿಗಳನ್ನು ಹಿಂದೆ ಹಾಕಿಕೊಂಡೇ ಬಂದಿದ್ದೆವು. ಗಾಡಿಯ ಹಿಂದೆ ತ್ರಿಕೋನದ ಫಲಕ, ಬದಿಯಲ್ಲಿ ಬ್ಯಾಟರಿ ದೀಪ. ಕರೆಂಟಿನ ತಂತಿ ಮನೆಗೆ ಬೇಡ ಎನ್ನುವವರಿಗೂ ಬ್ಯಾಟರಿ ಬೇಕೇ ಬೇಕು.

ನವೆಂಬರ್ ಮೊದಲ ಶನಿವಾರ. ಮಿಷಿಗನ್ ಸರೋವರದ ಕಡೆಯಿಂದ ಬರುವ ಗಾಳಿ ಕಿವಿ ಕೊಯ್ಯುತ್ತಿತ್ತು. ಇನ್ನು ಏಪ್ರಿಲ್ ನಡುವಿನವರೆಗೆ ಭಾವನ ಗಾಡಿ ಇಲ್ಲೇ. ಫೋರ್ಡ್ ವ್ಯಾನಿನ ಚಾಸಿ ಮೇಲೆ ಕಟ್ಟಿದ, ಡ್ರೈವರ್ ತಲೆಯ ಮೇಲೊಂದು ಅಟ್ಟವಿರುವ, 25 ಅಡಿ ಉದ್ದದ ಗಾಡಿ. ನಲ್ಲಿಯ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಿರಲೆಂದು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುವ ಕೆಲಸ ಹಿಂದಿನ ವಾರವೇ ಮುಗಿದಿತ್ತು. ಉಳಿದದ್ದು ಬ್ಯಾಟರಿ.

ಗಾಡಿಯ ಹತ್ತಿರ ಹೋಗುವ ಮೊದಲು ಯಾರ್ಡು ನೋಡಿಕೊಳ್ಳುವ ಮುದುಕಪ್ಪ ನಮ್ಮನ್ನು ವರ್ಕ್‌ಶಾಪಿನ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಮರದ ಹಲಗೆಯ ಮೇಲೆ ಸತ್ತ ಬ್ಯಾಟರಿಗಳ ರಾಶಿ, ಗುಜರಿಗೆ ಹೋಗಲು ಕಾದಿದೆ. ಕೆಲವು ಗರ್ಭಿಣಿಯ ಹಾಗೆ ಊದಿಕೊಂಡಿದ್ದವು. ಒಂದರ ಪಕ್ಕೆ ಉದ್ದಕ್ಕೆ ಸೀಳಿತ್ತು. "ಇಂಥದ್ದೊಂದು ನಂದೂ ಇತ್ತು ಮಾರಾಯ, ಮೊದಲ ವರ್ಷ" ಎಂದರು ಭಾವ. ಮಲೆನಾಡಿನವನಾದ ನನಗೆ ಬ್ಯಾಟರಿ ಒಣಗುವುದು ಗೊತ್ತು, ಹೆಪ್ಪುಗಟ್ಟುವುದು ಗೊತ್ತಿರಲಿಲ್ಲ.

ಲೆಡ್ ಆಸಿಡ್ ಬ್ಯಾಟರಿಯ ಒಳಗಿರುವುದು ಗಂಧಕಾಮ್ಲ ಬೆರೆತ ನೀರು. ಬ್ಯಾಟರಿ ತುಂಬಿದ್ದಾಗ ಆಮ್ಲವೆಲ್ಲ ನೀರಿನಲ್ಲಿರುತ್ತದೆ. ಅದು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ 55 ಡಿಗ್ರಿಗೂ ಕೆಳಗೆ ಇಳಿಯಬೇಕು. ಚಾರ್ಜು ಇಳಿಯುತ್ತ ಹೋದಂತೆ ಆಮ್ಲದ ಸಲ್ಫೇಟು ಸೀಸದ ಪ್ಲೇಟುಗಳಿಗೆ ಅಂಟಿಕೊಳ್ಳುತ್ತದೆ, ಉಳಿಯುವುದು ಬರೀ ನೀರಿನಂಥ ನೀರು. ಪೂರ್ತಿ ಖಾಲಿಯಾದ ಬ್ಯಾಟರಿ ಸೊನ್ನೆಯಿಂದ 8-10 ಡಿಗ್ರಿ ಕೆಳಗೇ ಕಲ್ಲಾಗಿಬಿಡುತ್ತದೆ. ಇಲ್ಲಿ ಜನವರಿಯಲ್ಲಿ ಅದು ಮಾಮೂಲಿ ರಾತ್ರಿ. ಹೆಪ್ಪುಗಟ್ಟದೆ ಉಳಿದರೂ ಸುಖವಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಪ್ಲೇಟಿನ ಮೇಲಿನ ಸಲ್ಫೇಟು ಗಟ್ಟಿ ಹರಳಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬಿಡುವುದಿಲ್ಲ.

ಮುದುಕಪ್ಪನ ಪ್ರಕಾರ ಆ ರಾಶಿಯಲ್ಲಿ ಹೆಚ್ಚಿನವು ಹಳತಾಗಿ ಸತ್ತವಲ್ಲ. ಗಾಡಿಯವರು "ಸ್ಟೋರ್" ಗುಂಡಿ ಒತ್ತಿ, ನೆಮ್ಮದಿಯಾಗಿ ಮನೆಗೆ ಹೋದವರು.

ಭಾವನ ಗಾಡಿಯ ಬಾಗಿಲ ಪಕ್ಕದಲ್ಲೂ ಆ ಗುಂಡಿ ಇದೆ. ಒಂದು ಕಡೆ "ಯೂಸ್", ಇನ್ನೊಂದು ಕಡೆ "ಸ್ಟೋರ್". ಒತ್ತಿದ ಕೂಡಲೇ ಎಲ್ಲೋ ಒಳಗೆ ಟಕ್ ಎಂದಿತು, ದೀಪಗಳು ಆರಿದವು. ನಾನಾಗಿದ್ದರೆ ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದೆ. ಭಾವ ನೆಲದ ಮಟ್ಟದಲ್ಲಿ ಹಸಿರು ಚುಕ್ಕಿಯೊಂದನ್ನು ತೋರಿಸಿದರು. ಗ್ಯಾಸ್ ಸೋರಿದರೆ ಕೂಗುವ ಯಂತ್ರ. ಅದು ಆರಿರಲಿಲ್ಲ.

ಇಂಥ ಗಾಡಿಯಲ್ಲಿ ಎರಡು ಸಂಸಾರ. ಎಂಜಿನ್ ಸ್ಟಾರ್ಟ್ ಮಾಡಲು ಬಾನೆಟ್ಟಿನ ಕೆಳಗೊಂದು ಬ್ಯಾಟರಿ. ಮನೆಯ ದೀಪ, ಪಂಪು, ಫ್ರಿಜ್ಜಿನ ಸರ್ಕ್ಯೂಟಿಗೆ ಮೆಟ್ಟಿಲ ಕೆಳಗೆ ಬೇರೆಯೇ ಬ್ಯಾಟರಿ. ಭಾವ ಅಲ್ಲಿ ಗಾಲ್ಫ್ ಗಾಡಿಗಳಿಗೆ ಹಾಕುವ 6 ವೋಲ್ಟಿನ ಎರಡನ್ನು ಜೋಡಿಸಿ 12 ವೋಲ್ಟ್ ಮಾಡಿಕೊಂಡಿದ್ದಾರೆ, 225 ಎಎಚ್ (ಆಂಪಿಯರ್ ಅವರ್). ನಮ್ಮ ಮನೆಗಳ ಯುಪಿಎಸ್ಸಿನ 150 ಎಎಚ್ ಬ್ಯಾಟರಿಯ ಒಂದೂವರೆ ಪಟ್ಟು ಅಂದುಕೊಳ್ಳಿ. ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ನೋಡುವ ಕಾಟ ಇಲ್ಲೂ ತಪ್ಪಿದ್ದಲ್ಲ. ಟರ್ಮಿನಲ್ಲಿಗೆ ಹತ್ತಿದ್ದ ಬಿಳಿ ಪುಡಿಯನ್ನು ಭಾವ ಅಡುಗೆ ಸೋಡ ಕಲಸಿದ ನೀರಿನಲ್ಲಿ ಹಳೇ ಹಲ್ಲುಬ್ರಷ್ಷಿನಿಂದ ಉಜ್ಜಿದರು. ಸೋಡ ಅಕ್ಕನ ಅಡುಗೆಮನೆಯದು. ಅವಳಿಗೆ ಗೊತ್ತಿಲ್ಲ.

ಆಮೇಲೆ ಪತ್ತೇದಾರಿ ಶುರುವಾಯಿತು. ನೆಗೆಟಿವ್ ವೈರನ್ನು ಬಿಚ್ಚಿ, ಬ್ಯಾಟರಿಯ ಕಂಬಕ್ಕೂ ಬಿಚ್ಚಿದ ವೈರಿಗೂ ನಡುವೆ ಮಲ್ಟಿಮೀಟರ್ ಸಿಕ್ಕಿಸಿದರು. ಹಾಗೆ ಮಾಡಿದರೆ ಹರಿಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಎಲ್ಲ ಆಫ್ ಆಗಿದೆ ಎನ್ನುವ ಗಾಡಿಯಲ್ಲಿ ಅದು ಸೊನ್ನೆ ತೋರಿಸಬೇಕು. ತೋರಿಸಿದ್ದು 0.24 ಆಂಪಿಯರ್.

"ಕಾಲು ಆಂಪಿಯರ್ ಕೂಡ ಇಲ್ಲವಲ್ಲ" ಎಂದೆ.

"ಲೆಕ್ಕ ಹಾಕು."

0.24ನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ 5.76 ಎಎಚ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ. ಆ ಅರ್ಧ, ಅಂದರೆ 112 ಎಎಚ್, ಮೂರು ವಾರ ತುಂಬುವುದರೊಳಗೆ ಮುಗಿಯುತ್ತದೆ. 40 ದಿನಕ್ಕೆ ಪೂರ್ತಿ ಖಾಲಿ. ನವೆಂಬರ್ ಮೊದಲ ವಾರಕ್ಕೆ 40 ದಿನ ಸೇರಿಸಿದರೆ ಡಿಸೆಂಬರ್ ನಡುವೆ, ಚಳಿ ನಿಜವಾಗಿ ಬಿಗಿಯುವ ಹೊತ್ತು. ಸೀಳಿದ ಬ್ಯಾಟರಿಯ ಜಾತಕ ನನಗೀಗ ಅರ್ಥವಾಯಿತು.

ಉಣ್ಣುವವರು ಯಾರು ಎಂದು ನೋಡಲು ನಾನು ಗಾಡಿಯ ಒಳಗಿದ್ದೆ. ಹೊರಗೆ ಬರಲು ಬಾಗಿಲು ತೆಗೆದೆ. ಬಾಗಿಲು ತೆರೆದ ಕೂಡಲೇ ಮೋಟಾರಿನ ಮೆಟ್ಟಿಲು ಸೊರ್ರೆಂದು ಹೊರಗೆ ಬರುತ್ತದೆ ಎಂಬುದು ನೆನಪೇ ಇಲ್ಲ. ಬರಲು ಶುರುವಾಗಿ ಅರ್ಧಕ್ಕೇ ನಿಂತಿತು. ಕೆಳಗಿನಿಂದ ಭಾವನ ಧ್ವನಿ: "ಹೋಯ್ತು!" ಮೀಟರು ತಡೆಯುವುದು 10 ಆಂಪಿಯರ್, ಮೆಟ್ಟಿಲ ಮೋಟಾರು ಅದಕ್ಕಿಂತ ಹೆಚ್ಚು ಎಳೆದು ಮೀಟರಿನ ಫ್ಯೂಸ್ ಸುಟ್ಟಿತ್ತು. ಪುಣ್ಯಕ್ಕೆ ಮುದುಕಪ್ಪನ ಡ್ರಾಯರಿನಲ್ಲಿ ಇನ್ನೊಂದು ಫ್ಯೂಸಿತ್ತು. ಅವರು ನಕ್ಕ ರೀತಿ ನೋಡಿದರೆ ನಾನು ಮೊದಲನೆಯವನಲ್ಲ.

ಒಂದು ಲೆಕ್ಕದಲ್ಲಿ ನನ್ನ ಪೆದ್ದುತನವೇ ಸುಳಿವು ಕೊಟ್ಟಿತು. "ಸ್ಟೋರ್" ಒತ್ತಿದ ಮೇಲೂ ಮೆಟ್ಟಿಲಿಗೆ ಕರೆಂಟಿದೆ! ಆ ಗುಂಡಿ ಕತ್ತರಿಸುವುದು ಫ್ಯೂಸ್ ಪೆಟ್ಟಿಗೆಗೆ ಹೋಗುವ ದೊಡ್ಡ ದಾರಿಯನ್ನು ಮಾತ್ರ. ಗುಂಡಿಗಿಂತ ಮೊದಲೇ, ಬ್ಯಾಟರಿಯಿಂದ ನೇರವಾಗಿ ಕವಲೊಡೆದು ಹೋದ ಸಣ್ಣ ವೈರುಗಳು ಅದರ ಮಾತು ಕೇಳುವುದಿಲ್ಲ. ಆ ವೈರುಗಳ ಮೇಲಿನ ಪುಟ್ಟ ಫ್ಯೂಸುಗಳನ್ನು ಭಾವ ಒಂದೊಂದಾಗಿ ಕೀಳುತ್ತ ಹೋದರು, ನಾನು ಮೀಟರು ಓದಿದೆ. ಸಿಲಿಂಡರಿನ ವಾಲ್ವ್ ಮುಚ್ಚಿದೆಯೇ ಎಂದು ಎರಡೆರಡು ಸಲ ನೋಡಿ, ಮೊದಲು ಗ್ಯಾಸ್ ಯಂತ್ರದ್ದು: 0.14. ಮೆಟ್ಟಿಲಿನದು: 0.11. ಇನ್ವರ್ಟರಿನದು ತೆಗೆದಾಗ 0.02ಕ್ಕೆ ಬಿತ್ತು. ಯಾರೂ ಬಳಸದಿದ್ದರೂ "ಯಾರಾದರೂ ಕರೆಯುತ್ತಾರೇನೋ" ಎಂದು ಕಿವಿ ನಿಮಿರಿಸಿಕೊಂಡು ಕೂತದ್ದು ಅದೇ. ಕೊನೆಗೆ ಛಾವಣಿಯ ಸೋಲಾರ್ ಕಂಟ್ರೋಲರ್. ಬಿಸಿಲಿಲ್ಲದಾಗ, ಬ್ಯಾಟರಿ ತುಂಬಬೇಕಾದ ಇದೇ ಅದರಿಂದ ಒಂದು ಗುಟುಕು ಕುಡಿಯುತ್ತದೆ. ಅದನ್ನೂ ತೆಗೆದ ಮೇಲೆ ಮೀಟರಿನಲ್ಲಿ 0.00. ಇಬ್ಬರೂ ಒಂದು ನಿಮಿಷ ಅದನ್ನೇ ನೋಡುತ್ತ ನಿಂತೆವು.

ಹಿಂದಿನ ದಿನ ಇದೇ ಊರಿನ ಆರ್‌ವಿ, ಅಂದರೆ ಮನೆಗಾಡಿಗಳ, ಮ್ಯೂಸಿಯಮ್ಮಿಗೆ ಹೋಗಿದ್ದೆವು. ಅಲ್ಲಿ 1913ರ ಟ್ರೇಲರ್ ಒಂದಿದೆ. ನಟಿ ಮೇ ವೆಸ್ಟ್‌ಗಾಗಿ ಷೆವ್ರೊಲೆ ಚಾಸಿ ಮೇಲೆ ಕಟ್ಟಿದ 1931ರ ಮನೆಗಾಡಿಯೂ ಇದೆ. ಒಳಗೆ ಸಣ್ಣ ಒಲೆ, ಐಸ್ ಪೆಟ್ಟಿಗೆ, ಹಿಂಭಾಗದಲ್ಲಿ ತೂಗುಕುರ್ಚಿ ಹಾಕಿಕೊಳ್ಳುವಷ್ಟು ಜಗಲಿ. ಕಾಯುವ ಯಂತ್ರ, ಕೇಳುವ ಯಂತ್ರ ಒಂದೂ ಇಲ್ಲ. ಕೀಲಿ ತಿರುಗಿಸಿದರೆ ಆ ಗಾಡಿ ನಿಜಕ್ಕೂ ಮಲಗುತ್ತಿತ್ತು.

ಎಂಜಿನ್ ಬ್ಯಾಟರಿಯನ್ನೂ ಹೀಗೇ ಅಳೆದೆವು. 0.03, ರೇಡಿಯೊ ಮತ್ತು ಎಂಜಿನ್ ಕಂಪ್ಯೂಟರಿನ ನೆನಪಿನ ಖರ್ಚು. ದೋಷವೇನಿಲ್ಲ, ಆದರೆ ಐದು ತಿಂಗಳಿಗೆ ನೂರು ಎಎಚ್ ದಾಟುತ್ತದೆ. ಅಷ್ಟು ಅದರ ಹೊಟ್ಟೆಯಲ್ಲೇ ಇಲ್ಲ. ಅದರ ನೆಗೆಟಿವ್ ವೈರೂ ಕಳಚಿತು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಸ್ಪ್ಯಾನರು ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರಬಾರದು.

ಎರಡು ಗಾಡಿ ಆಚೆ ಒಬ್ಬಾತ ಎಂಜಿನ್ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಹಾಗೇ ಬಿಟ್ಟು, ಆಫ್ ಮಾಡಿ ಹೋದ. ತಿಂಗಳಿಗೊಮ್ಮೆ ಬಂದು ಹೀಗೆ ಮಾಡುತ್ತಾನಂತೆ. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಅಪಾರ್ಟ್‌ಮೆಂಟಿನ ಕೆಳಗೆ ಕಾರಿಗೆ ಮಾಡಿದ್ದೂ ಇದನ್ನೇ. ಸ್ಟಾರ್ಟ್ ಮಾಡಲು ಖರ್ಚಾದದ್ದು ವಾಪಸು ಬರುವ ಹೊತ್ತಿಗೆ ಎಂಜಿನ್ ನಿಲ್ಲಿಸಿಬಿಟ್ಟರೆ ಪೆಟ್ರೋಲು ದಂಡ. ಬ್ಯಾಟರಿ ತುಂಬಬೇಕೆಂದರೆ ಗಾಡಿಯನ್ನು ಅರ್ಧ ಗಂಟೆಗೂ ಮೇಲೆ ರಸ್ತೆಯಲ್ಲಿ ಓಡಿಸಬೇಕು.

ಯಾರ್ಡಿನ ಇನ್ನೊಂದು ತುದಿಯಲ್ಲಿ ಛಾವಣಿಯ ಶೆಡ್ಡಿದೆ, ಬಾಡಿಗೆ ಜಾಸ್ತಿ, ಪ್ರತಿ ಗಾಡಿಗೂ ಪ್ಲಗ್ ಪಾಯಿಂಟ್. ಅಲ್ಲಿರುವವರಿಗೆ ಈ ತಾಪತ್ರಯವಿಲ್ಲ ಅಂದುಕೊಂಡೆ. ಅಲ್ಲೂ ಇದೆ. ಹೊಸ ಚಾರ್ಜರುಗಳು ಬ್ಯಾಟರಿ ತುಂಬಿದ ಮೇಲೆ 13.2ರಿಂದ 13.6 ವೋಲ್ಟಿಗೆ ಇಳಿದು ಸುಮ್ಮನೆ ಕಾವಲು ಕೂರುತ್ತವೆ. ಕೆಲವು ಹಳೇ ಗಾಡಿಗಳ ಚಾರ್ಜರಿಗೆ ಆ ವಿವೇಕವಿಲ್ಲ, ತಿಂಗಳಾನುಗಟ್ಟಲೆ ಊಡಿಸುತ್ತಲೇ ಇದ್ದು ನೀರನ್ನು ಇಂಗಿಸಿಬಿಡುತ್ತವೆ. ಲಿಥಿಯಂ ಹಾಕಿಸಿಕೊಂಡ ದಂಪತಿಯದ್ದು ಇನ್ನೊಂದು ಕತೆ: ಅದಕ್ಕೆ ತುಂಬಿ ತುಳುಕುವುದು ಬೇಡ, ಅರ್ಧದ ಆಸುಪಾಸಿನಲ್ಲಿಟ್ಟು ಬಿಚ್ಚಿಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ. ಸೋಲಾರ್ ನಂಬಿದವರ ಪ್ಯಾನೆಲ್ ಮೇಲೆ ಜನವರಿಯಲ್ಲಿ ಒಂದಡಿ ಹಿಮ. ಕೆಲವರಂತೂ ಪ್ಯಾನೆಲ್ಲಿನ ಮೇಲೇ ಹೊದಿಕೆ ಹೊದಿಸಿ ಹೋಗಿದ್ದರು.

ಸಂಜೆ ಒಂದು ಜಗಳ ಉಳಿದಿತ್ತು. ಒಂದೊಂದು ಬ್ಯಾಟರಿ 30 ಕಿಲೋದ ಹತ್ತಿರ. ಒಮ್ಮೆ ಪೆಟ್ಟು ತಿಂದ ಭಾವ ಎರಡನ್ನೂ ಹೊತ್ತು ಮನೆಯ ಗ್ಯಾರೇಜಿಗೆ ಸಾಗಿಸಬೇಕೆಂದು ಹಟ ಹಿಡಿದಿದ್ದರು. ಅದೂ ಹಲಗೆಯ ಮೇಲಿಡಬೇಕು, ಸಿಮೆಂಟು ನೆಲ ಚಾರ್ಜು ಹೀರುತ್ತದೆ ಎಂದು. ಮುದುಕಪ್ಪ ತಲೆಯಾಡಿಸಿದರು. ಅದು ಬ್ಯಾಟರಿಗಳಿಗೆ ಮರದ ಪೆಟ್ಟಿಗೆಯಿದ್ದ ಕಾಲದ ಮಾತು, ಈಗಿನ ಪ್ಲಾಸ್ಟಿಕ್ಕಿಗೆ ನೆಲ ಯಾವುದಾದರೇನು ಎಂದರು. ತುಂಬಿದ, ಬಿಚ್ಚಿಟ್ಟ ಬ್ಯಾಟರಿಗೆ ಚಳಿ ಒಳ್ಳೆಯದೇ: ತಾನಾಗಿ ಇಳಿಯುವ ಚಾರ್ಜು ಸೆಕೆಯಲ್ಲಿ ಹೆಚ್ಚು, ಚಳಿಯಲ್ಲಿ ಕಡಿಮೆ. ಇಲ್ಲೇ ಬಿಡಿ ಎಂದರು.

ಭಾವ ಒಪ್ಪಿದ್ದು ಈ ವಾದಕ್ಕೋ ಸೊಂಟನೋವಿಗೋ ಹೇಳಲಾರೆ. ಕಿತ್ತ ಫ್ಯೂಸುಗಳನ್ನು ಒಂದು ಲಕೋಟೆಗೆ ಹಾಕಿ ಸ್ಟೀರಿಂಗಿಗೆ ಕಟ್ಟಿದರು. ನೆಗೆಟಿವ್ ಕಂಬಕ್ಕೆ ಹಸಿರು ತಿರುಪಿರುವ ಪುಟ್ಟ ಸ್ವಿಚ್ಚೊಂದನ್ನು ಹೊಸದಾಗಿ ಕೂರಿಸಿ, ತಿರುಪನ್ನು ಪೂರ್ತಿ ಕಳಚಿ ಜೇಬಿಗೆ ಹಾಕಿಕೊಂಡರು. ಹಿಂದಿನ ರಾತ್ರಿಯಿಡೀ ಚಾರ್ಜ್ ಮಾಡಿದ್ದ ಬ್ಯಾಟರಿ 12.7 ವೋಲ್ಟ್ ತೋರಿಸುತ್ತಿತ್ತು. ಸೌತ್ ಬೆಂಡಿನ ಮನೆ ತಲುಪುವವರೆಗೆ ಎರಡು ಸಲವಾದರೂ ಜೇಬು ಮುಟ್ಟಿ ನೋಡಿಕೊಂಡರು.

ನಾನು ಊರಿಗೆ ಬಂದು ಎರಡು ತಿಂಗಳಾಗಿತ್ತು. ಜನವರಿ ಕೊನೆಯಲ್ಲಿ ವಾಟ್ಸಾಪ್‌ಗೆ ಒಂದು ಫೋಟೊ ಬಂತು. ಅರ್ಧ ಟೈರು ಮುಳುಗುವಷ್ಟು ಹಿಮ, ಕೈಗವಸಿನ ಕೈ, ಮೀಟರಿನಲ್ಲಿ 12.61. ಕೆಳಗೆ ಅಕ್ಕನ ವಾಯ್ಸ್ ಮೆಸೇಜು: "ಅದಿರಲಿ, ನನ್ನ ಸೋಡ ಡಬ್ಬಿ ಎಲ್ಲಿ ಹೋಯ್ತು, ನೀನಾದರೂ ನಿಜ ಹೇಳು."